ವಯಸ್ಸಿನ ದಮ್ಮು, ಹೊಗೆಯ ದಮ್ಮು

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿನೊಂದಿಗೆ. ಒಲೆಯಲ್ಲಿ ಹತ್ತಿಕಟ್ಟಿಗೆ ಚಟಪಟ ಎನ್ನುತ್ತಿರುತ್ತದೆ. ಚಳಿಗಾಲವಾದರೆ ಮಾಳಿಗೆಯ ಗವಾಕ್ಷಿಯಿಂದ ಹೊರಬಿದ್ದ ಹೊಗೆ ಮೇಲೇರದೆ ಓಣಿಯಲ್ಲೇ ಸೊಂಟದೆತ್ತರಕ್ಕೆ ತೇಲಿಕೊಂಡು ನಿಲ್ಲುತ್ತದೆ. ಅದರ ನಡುವೆಯೇ ಎಮ್ಮೆ ಹೊಡೆದುಕೊಂಡು ಹೋಗುವವರು, ಬುತ್ತಿ ಕಟ್ಟಿಕೊಂಡು ಹೊಲದ ಹಾದಿ ಹಿಡಿದವರು. ಹೆಗಲ ಮೇಲೆ ಟವಲ್ ಹಾಕಿಕೊಂಡ ಹಿರಿಯರೊಬ್ಬರು ಗುಡಿಯ ಕಟ್ಟೆಯವರೆಗೆ ನಡೆದು, ಮೊಣಕಾಲ ಮೇಲೆ ಎರಡೂ ಕೈ ಊರಿ ಕೂತುಬಿಡುತ್ತಾರೆ.

“ಯಾಕ ತಾತ, ಇಲ್ಲೇ ಕುಂತಿ?”

“ದಮ್ಮು ಹತ್ತ್ಯಾದಪ್ಪ. ವಯಸ್ಸಾತಲ್ಲ.”

ಕೇಳಿದವನು ತಲೆಯಾಡಿಸಿ ಮುಂದೆ ಹೋಗುತ್ತಾನೆ. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಯಾವ ಊರಲ್ಲಾದರೂ ಈ ಎರಡು ಮಾತು ಕೇಳಿಸುತ್ತವೆ. ತಾತನ ಉತ್ತರದಲ್ಲಿ ಅರ್ಧ ನಿಜವಿದೆ. ವಯಸ್ಸಾದಂತೆ ಶ್ವಾಸಕೋಶದ ರಚನೆಯೇ ಬದಲಾಗುತ್ತದೆ. ಆದರೆ ಕಟ್ಟೆಯ ಮೇಲೆ ಕೂರಿಸುವಷ್ಟು ಬದಲಾಗುತ್ತದೆಯೇ? ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ವಯಸ್ಸಿನ ಪಾಲು ಎಷ್ಟು, ಹೊಗೆ ಧೂಳುಗಳ ಪಾಲು ಎಷ್ಟು ಎಂಬುದನ್ನು ಬಿಡಿಸಿ ನೋಡದೆ ಹೋದದ್ದರಿಂದ ನಮ್ಮ ಎಷ್ಟೋ ಹಿರಿಯರು ಔಷಧಿ ಇರುವ ಕಾಯಿಲೆಯನ್ನು ಹಣೆಬರಹವೆಂದು ಹೊತ್ತುಕೊಂಡು ನಡೆದಿದ್ದಾರೆ.

ಎದೆಯೊಳಗೆ ತಲೆಕೆಳಗಾದ ಮರ

ಗಂಟಲಿನಿಂದ ಇಳಿಯುವ ಶ್ವಾಸನಾಳ ಎದೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಹೀಗೆ ಸುಮಾರು 23 ಬಾರಿ ಕವಲೊಡೆದ ಮೇಲೆ ತುದಿಯಲ್ಲಿ ಗೊಂಚಲು ಗೊಂಚಲಾಗಿ ಸಿಗುವುದೇ ಗಾಳಿಗೂಡುಗಳು. ಒಂದೊಂದರ ಅಗಲ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಇವುಗಳ ಸಂಖ್ಯೆ 30 ಕೋಟಿ ಎಂದು ಸ್ವಿಟ್ಜರ್ಲೆಂಡಿನ ಇವಾಲ್ಡ್ ವೈಬೆಲ್ 1960ರ ದಶಕದಲ್ಲಿ ಲೆಕ್ಕ ಹಾಕಿದ್ದರು. 2004ರಲ್ಲಿ ಪ್ರಕಟವಾದ ಹೊಸ ಎಣಿಕೆಯಲ್ಲಿ ಸರಾಸರಿ 48 ಕೋಟಿ ಎಂದಾಯಿತು. ಎಲ್ಲವನ್ನೂ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಬ್ಯಾಡ್ಮಿಂಟನ್ ಅಂಕಣದಷ್ಟು ಜಾಗ ಬೇಕು. ಇಷ್ಟಗಲದ ಹಾಸು ಪಕ್ಕೆಲುಬಿನ ಗೂಡಿನೊಳಗೆ ಮಡಚಿ ಕೂತಿದೆ.

ಗಾಳಿಗೂಡಿನ ಗೋಡೆ ತಲೆಗೂದಲಿನ ನೂರನೇ ಒಂದು ಭಾಗದಷ್ಟು ತೆಳು. ಆ ಕಡೆ ರಕ್ತ, ಈ ಕಡೆ ಗಾಳಿ. ಆಮ್ಲಜನಕ ಒಳಕ್ಕೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಶ್ವಾಸನಾಳಗಳಿಗೆ ಮೃದ್ವಸ್ಥಿಯ ಬಳೆಗಳಿವೆ, ಒಳಗೆ ಗಾಳಿಯಿಲ್ಲದಿದ್ದರೂ ಅವು ಮುಚ್ಚಿಕೊಳ್ಳುವುದಿಲ್ಲ. ತುದಿಯ ಸಣ್ಣ ನಾಳಗಳಿಗೆ ಅಂಥ ಬಳೆಗಳಿಲ್ಲ. ಅವನ್ನು ತೆರೆದು ಹಿಡಿದಿರುವುದು ಸುತ್ತಲಿನ ಗಾಳಿಗೂಡುಗಳ ಗೋಡೆಯಲ್ಲಿರುವ ಹಿಗ್ಗಿ ಕುಗ್ಗುವ ಎಳೆಗಳು. ಜಾತ್ರೆಯಲ್ಲಿ ಡೇರೆ ನಿಲ್ಲಿಸುವುದನ್ನು ನೋಡಿದ್ದೀರಲ್ಲ, ಸುತ್ತಲೂ ಗೂಟ ಹೊಡೆದು ಹಗ್ಗ ಬಿಗಿದರೆ ಬಟ್ಟೆ ಸೆಟೆದು ನಿಲ್ಲುತ್ತದೆ, ಒಳಗೆ ಜಾಗವಾಗುತ್ತದೆ. ಹಗ್ಗ ಸಡಿಲಾದ ದಿನ ಡೇರೆ ಜೋಲುತ್ತದೆ. ಶ್ವಾಸಕೋಶದ ಮುಪ್ಪು ಎಂದರೆ ಬಹುಮಟ್ಟಿಗೆ ಈ ಹಗ್ಗಗಳ ಕಥೆ.

ಉಸಿರು ಬಿಡುವ ಕೆಲಸ ಮಾಡುವುದೂ ಈ ಎಳೆಗಳೇ. ಉಸಿರೆಳೆದುಕೊಳ್ಳಲು ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ದುಡಿಯಬೇಕು. ಸಾಧಾರಣ ಉಸಿರು ಬಿಡಲು ಯಾರೂ ದುಡಿಯಬೇಕಿಲ್ಲ. ಹಿಗ್ಗಿದ ಎಳೆಗಳು ತಾವಾಗಿಯೇ ಕುಗ್ಗುತ್ತವೆ, ಗಾಳಿ ಹೊರಬೀಳುತ್ತದೆ.

ಒಮ್ಮೆ ನೇಯ್ದ ಎಳೆ

ಹುಟ್ಟಿದ ಮಗುವಿನಲ್ಲಿ ಗಾಳಿಗೂಡುಗಳು ದೊಡ್ಡವರಲ್ಲಿರುವುದರ ಸಣ್ಣ ಪಾಲು ಮಾತ್ರ. ಮೊದಲ ಎರಡು ಮೂರು ವರ್ಷ ಅವು ಭರದಿಂದ ಹೆಚ್ಚುತ್ತವೆ, ಆಮೇಲೂ ಶ್ವಾಸಕೋಶ ಬೆಳೆಯುತ್ತಲೇ ಇರುತ್ತದೆ. 20ರಿಂದ 25ರ ಪ್ರಾಯಕ್ಕೆ ಅದರ ಶಕ್ತಿ ತುತ್ತತುದಿ ಮುಟ್ಟುತ್ತದೆ. ಅಲ್ಲಿಂದ ಕೆಲವು ವರ್ಷ ಸಮತಟ್ಟು, ಆಮೇಲೆ ಇಳಿಜಾರು.

ಮೇಲೆ ಹೇಳಿದ ಎಳೆಗಳು ಎಲಾಸ್ಟಿನ್ ಎಂಬ ಪ್ರೋಟೀನಿನಿಂದ ಆದವು. ಚರ್ಮ ಸವೆದರೆ ಹೊಸದು ಬರುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಎಲಾಸ್ಟಿನ್ ಹಾಗಲ್ಲ. ಇದನ್ನು 1991ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟ ಬಗೆ ಬಹಳ ವಿಶೇಷವಾದದ್ದು. 1950 ಮತ್ತು 60ರ ದಶಕಗಳಲ್ಲಿ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬ್ ಪರೀಕ್ಷೆ ನಡೆಸಿದ್ದರಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು. ಅದು ಬೆಳೆಗೆ ಸೇರಿ, ಅನ್ನದ ಮೂಲಕ ಭೂಮಿಯ ಮೇಲಿನ ಎಲ್ಲರ ಮೈಗೂ ಸೇರಿತು. ಆ ಹೊತ್ತಿನಲ್ಲಿ ದೇಹದ ಯಾವ ಭಾಗ ಹೊಸದಾಗಿ ಕಟ್ಟಿಕೊಂಡಿತೋ ಅದರಲ್ಲಿ ಆ ಗುರುತು ಉಳಿಯಬೇಕು. ಪರೀಕ್ಷೆಗಳಿಗಿಂತ ಮೊದಲೇ ಬೆಳೆದು ದೊಡ್ಡವರಾಗಿದ್ದವರ ಶ್ವಾಸಕೋಶದ ಎಲಾಸ್ಟಿನ್ನಿನಲ್ಲಿ ಆ ಗುರುತು ಇಲ್ಲವೆನ್ನುವಷ್ಟು ಕಡಿಮೆ ಸಿಕ್ಕಿತು. ಅಂದರೆ ತಾಯಿಯ ಗರ್ಭದಲ್ಲೂ ಬಾಲ್ಯದಲ್ಲೂ ನೇಯ್ದ ಎಳೆಯನ್ನೇ ಮನುಷ್ಯ ಎಪ್ಪತ್ತು ವರ್ಷ ಬಳಸುತ್ತಾನೆ. ನಿಮಿಷಕ್ಕೆ ಹದಿನೈದು ಸಲದಂತೆ, ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ಹಿಗ್ಗಿ ಕುಗ್ಗುವ ಎಳೆ ಅದು.

ಇಳಿಜಾರಿನ ಅಳತೆ

ಒಬ್ಬ ಮನುಷ್ಯ ಎಷ್ಟು ಗಾಳಿ ಊದಬಲ್ಲ ಎಂದು ಅಳೆಯುವ ಯಂತ್ರವನ್ನು ಜನಕ್ಕೆ ಪರಿಚಯಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್. 1846ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ ನೋಡಿದ ಲೆಕ್ಕವನ್ನು ಆತ ಪ್ರಕಟಿಸಿದ. ಎತ್ತರದವರಿಗೆ ಹೆಚ್ಚು ಗಾಳಿ, ವಯಸ್ಸಾದಂತೆ ಕಡಿಮೆ ಗಾಳಿ ಎಂಬುದು ಆಗಲೇ ಕಂಡಿತ್ತು. ಇಂದಿನ ಸ್ಪೈರೋಮೀಟರ್ ಅದರ ಮೊಮ್ಮಗ.

ಇವತ್ತಿನ ವೈದ್ಯರು ಮುಖ್ಯವಾಗಿ ನೋಡುವುದು, ತುಂಬಾ ಉಸಿರೆಳೆದುಕೊಂಡು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನು. ಮೂವತ್ತೈದು ದಾಟಿದ ಮೇಲೆ ಆರೋಗ್ಯವಂತರಲ್ಲೂ ಇದು ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರಿನಷ್ಟು ಇಳಿಯುತ್ತದೆ. ಹೋಟೆಲಿನ ಸಣ್ಣ ಚಹಾ ಲೋಟದ ಕಾಲು ಭಾಗ ಎನ್ನಿ. ನಲವತ್ತು ವರ್ಷಕ್ಕೆ ಒಂದು ಲೀಟರಿನ ಆಸುಪಾಸು.

ಒಳಗೆ ಆಗುತ್ತಿರುವುದೇನು? ಜಾತ್ರೆಯಲ್ಲಿ ಮಗುವಿಗೆ ಕೊಡಿಸಿದ ಬಲೂನು ನಾಲ್ಕು ದಿನ ಊದಿಕೊಂಡೇ ಇದ್ದು ಆಮೇಲೆ ಗಾಳಿ ಬಿಟ್ಟರೆ ಮೊದಲಿನ ಅಳತೆಗೆ ಬರುವುದಿಲ್ಲ, ಸಡಿಲವಾಗಿ ನೇತಾಡುತ್ತದೆ. ಗಾಳಿಗೂಡುಗಳೂ ಹಾಗೆ ನಿಧಾನವಾಗಿ ಅಗಲವಾಗುತ್ತವೆ. ಗೋಡೆ ಹರಿಯುವುದಿಲ್ಲ, ಗೂಡು ಅಗಲವಾಗುತ್ತದೆ ಅಷ್ಟೇ. ಸಣ್ಣ ಸಣ್ಣ ಕೋಣೆಗಳಿದ್ದ ಜಾಗದಲ್ಲಿ ತಗ್ಗು ಗೋಡೆಯ ದೊಡ್ಡ ಕೋಣೆಗಳಾದರೆ ಸುಣ್ಣ ಬಳಿಯುವ ಗೋಡೆಯ ಅಳತೆ ಕಡಿಮೆಯಾಗುವಂತೆ, ಗಾಳಿಗೂ ರಕ್ತಕ್ಕೂ ಭೇಟಿಯಾಗುವ ಜಾಗ ಕುಗ್ಗುತ್ತದೆ.

ಎಳೆಗಳ ಬಿಗಿ ತಪ್ಪಿದ್ದರಿಂದ ಉಸಿರು ಬಿಡುವಾಗ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುತ್ತವೆ. ಹೊರಹೋಗಬೇಕಾದ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಪೂರ್ತಿ ಊದಿದ ಮೇಲೂ ಒಳಗುಳಿಯುವ ಈ ಗಾಳಿ, ಇಪ್ಪತ್ತರ ಪ್ರಾಯಕ್ಕೆ ಹೋಲಿಸಿದರೆ ಎಪ್ಪತ್ತರಲ್ಲಿ ಒಂದೂವರೆ ಪಟ್ಟು ಆಗಿರುತ್ತದೆ. ಶ್ವಾಸಕೋಶದ ಒಟ್ಟು ಅಳತೆ ಹೆಚ್ಚುಕಡಿಮೆ ಮೊದಲಿನಷ್ಟೇ. ಅದರಲ್ಲಿ ಬಳಕೆಗೆ ಬರುವ ಪಾಲು ಕಡಿಮೆ. ಕಣಜ ಅಷ್ಟೇ ದೊಡ್ಡದು, ತಳದ ಕಾಳು ಕೈಗೆ ಸಿಗುವುದಿಲ್ಲ.

ಎದೆಯ ಗೂಡೂ ಗಡುಸಾಗುತ್ತದೆ. ಪಕ್ಕೆಲುಬುಗಳನ್ನು ಎದೆಮೂಳೆಗೆ ಜೋಡಿಸಿರುವ ಮೃದ್ವಸ್ಥಿಯಲ್ಲಿ ಸುಣ್ಣದ ಅಂಶ ಸೇರಿ ಅದು ಬಾಗುವುದಿಲ್ಲ. ಬೆನ್ನುಮೂಳೆ ಸವೆದು ಗೂನು ಬಂದರೆ ಉಸಿರೆಳೆಯಲು ಜಾಗ ಸಾಲದು. ವಪೆಯ ಬಲ ಯುವಕರಿಗಿಂತ ಸುಮಾರು ಕಾಲು ಭಾಗ ಕಡಿಮೆಯಾಗಿರುತ್ತದೆ.

ಮಲಗಿಸಿದರೆ ಏನಾಗುತ್ತದೆ

ಇದೊಂದು ವಿಷಯವನ್ನು ಮನೆಯಲ್ಲಿ ವಯಸ್ಸಾದವರಿರುವ ಎಲ್ಲರೂ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ.

ಎಳೆಗಳು ಸಡಿಲಾದಾಗ ಮೊದಲು ಮುಚ್ಚಿಕೊಳ್ಳುವುದು ಶ್ವಾಸಕೋಶದ ಕೆಳಭಾಗದ ಸಣ್ಣ ನಾಳಗಳು, ಮೇಲಿನ ಭಾರವೆಲ್ಲ ಅವುಗಳ ಮೇಲೆ ಬೀಳುವುದರಿಂದ. ಎದ್ದು ಕೂತಿರುವ ಆರೋಗ್ಯವಂತರಲ್ಲಿ ಸಾಧಾರಣ ಉಸಿರಾಟದ ಹೊತ್ತಿಗೇ ಇದು ಆಗತೊಡಗುವುದು ಸುಮಾರು 65ರ ವಯಸ್ಸಿನಲ್ಲಿ. ಅಂಗಾತ ಮಲಗಿದರೆ 45ರ ಹತ್ತಿರದಲ್ಲೇ. ಮಲಗಿದಾಗ ಹೊಟ್ಟೆ ವಪೆಯನ್ನು ಮೇಲಕ್ಕೆ ತಳ್ಳಿ ಶ್ವಾಸಕೋಶವನ್ನು ಚಿಕ್ಕದು ಮಾಡುತ್ತದೆ.

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು ಎನ್ನಿ. ತಿಂಗಳೆರಡು ತಿಂಗಳು ಅಂಗಾತ ಮಲಗಿದರೆ ಬೆನ್ನ ಕಡೆಯ ಗಾಳಿಗೂಡುಗಳಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲ. ಕಫ ಅಲ್ಲೇ ನಿಲ್ಲುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ವೇಗ ವಯಸ್ಸಿಗೆ ತಗ್ಗಿರುತ್ತದೆ, ಕೆಮ್ಮಿನ ಕಸುವೂ ಕಡಿಮೆ. ನಿಂತ ನೀರಲ್ಲಿ ಪಾಚಿ ಕಟ್ಟುವಂತೆ ಅಲ್ಲಿ ನ್ಯುಮೋನಿಯಾ ಹಿಡಿಯುತ್ತದೆ. “ಕಾಲು ಮುರಿದು ಮಲಗಿದ್ದಳು, ಜ್ವರ ಬಂದು ಹೋದಳು” ಎಂದು ನಾವು ಹೇಳುತ್ತೇವೆ. ಹೀಗೆ ಹೋದವರಲ್ಲಿ ಅನೇಕರು ಹೋದದ್ದು ಉಸಿರಿನ ಕಾಯಿಲೆಯಿಂದ. ಅದಕ್ಕೇ ವೈದ್ಯರು ಒಪ್ಪಿದ ಮೊದಲ ದಿನವೇ ಹಿರಿಯರನ್ನು ಒರಗಿಸಿ ಕೂರಿಸಬೇಕು, ದಿನಕ್ಕೆ ಹಲವು ಬಾರಿ ದೀರ್ಘವಾಗಿ ಉಸಿರೆಳೆಸಬೇಕು.

ಮುಪ್ಪಿನಲ್ಲಿ ದೇಹದ ಎಚ್ಚರಿಕೆಯ ಗಂಟೆಯೂ ಮಂದವಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಯುವಕನ ಮೆದುಳು ತಕ್ಷಣ ಉಸಿರಾಟ ಜೋರು ಮಾಡಿಸುತ್ತದೆ, ವೃದ್ಧರಲ್ಲಿ ಆ ಪ್ರತಿಕ್ರಿಯೆ ಅರ್ಧಕ್ಕಿಳಿದಿರಬಹುದು. ನ್ಯುಮೋನಿಯಾ ಬಂದ ಮುದುಕರಿಗೆ ಜ್ವರವೇ ಕಾಣದೆ, ಊಟ ಬಿಟ್ಟು, ಗೊಂದಲದ ಮಾತಾಡುತ್ತ ಮಂಕಾಗಿ ಕೂರುವುದುಂಟು. “ಅರಳು ಮರಳು” ಎಂದು ಸುಮ್ಮನಾಗಬೇಡಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಹೊರತೆಗೆಯಿರಿ. ಆರೋಗ್ಯವಾಗಿರುವ ಎಂಬತ್ತರ ಅಜ್ಜನಿಗೂ ಅದು 95ರ ಆಸುಪಾಸು ಇಲ್ಲವೇ ಅದಕ್ಕಿಂತ ಹೆಚ್ಚೇ ತೋರಿಸಬೇಕು.

ಇಷ್ಟೆಲ್ಲ ಬದಲಾದರೂ ಶ್ವಾಸಕೋಶದಲ್ಲಿ ನಮಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿನ ಕಸುವು ಇಟ್ಟಿರುತ್ತದೆ. ಬೀಡಿ ಮುಟ್ಟದ, ಹೊಗೆ ಕುಡಿಯದ ಎಪ್ಪತ್ತರ ಒಕ್ಕಲಿಗ ನಡುವೆ ಎಲ್ಲೂ ಕೂರದೆ ಹೊಲ ಮುಟ್ಟಬಲ್ಲ. ಹರೆಯದವರಂತೆ ಓಡಲಾರ, ಅಷ್ಟೇ. ಹಾಗಾದರೆ ಕಟ್ಟೆಯ ಮೇಲೆ ಕೂತ ತಾತನನ್ನು ಕೂರಿಸಿದ್ದು ಬೇರೆ ಏನೋ.

ಒಲೆಯ ಮುಂದಿನ ಲೆಕ್ಕ

ನನ್ನ ಅಜ್ಜಿಯ ಒಲೆಯ ಪಕ್ಕ ಒಂದು ಊದುಗೊಳವೆ ಇರುತ್ತಿತ್ತು. ಮೊಳಕ್ಕಿಂತ ತುಸು ಉದ್ದದ ಕಬ್ಬಿಣದ ಕೊಳವೆ, ಬಾಯಿಗಿಡುವ ತುದಿ ಸವೆದು ನುಣುಪಾಗಿತ್ತು. ಮಳೆಗಾಲದಲ್ಲಿ ಕುಳ್ಳು, ಬಳ್ಳಾರಿ ಜಾಲಿ ಕಟ್ಟಿಗೆ ನೆನೆದಿದ್ದರೆ ಬೆಂಕಿ ಹತ್ತುವುದಿಲ್ಲ. ಅಜ್ಜಿ ಬಾಗಿ ಕೆನ್ನೆಯುಬ್ಬಿಸಿ ಊದುವಳು. ಊದಿ ಮುಗಿದ ಮರುಗಳಿಗೆ ಎದೆ ತುಂಬ ಉಸಿರೆಳೆದುಕೊಳ್ಳಲೇಬೇಕಲ್ಲ? ಆ ಉಸಿರು ಬರುತ್ತಿದ್ದುದು ಒಲೆಯ ಬಾಯಿಂದ, ಹೊಗೆ ಎಲ್ಲಕ್ಕಿಂತ ದಟ್ಟವಾಗಿರುವ ಜಾಗದಿಂದ. ಆಕೆ ಒಂದು ದಿನವೂ ಬೀಡಿ ಸೇದಿದವಳಲ್ಲ. ಕೊನೆಯ ಹತ್ತು ವರ್ಷ ದಿಂಬಿಗೊರಗಿ ಕೂತೇ ನಿದ್ದೆ ಮಾಡಿದಳು. ನಾವೂ ವಯಸ್ಸಾಯಿತು ಎಂದೇ ಅಂದುಕೊಂಡಿದ್ದೆವು.

ಈ ಹೊಗೆಗೆ ಲೆಕ್ಕ ಕಟ್ಟಿದವರು ಮೈಸೂರಿನ ವೈದ್ಯರು. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳನ್ನು ಅಧ್ಯಯನ ಮಾಡಿ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಲೆಕ್ಕ ಬಹಳ ಸರಳ. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಬಂದ ಸಂಖ್ಯೆ 60 ಮುಟ್ಟಿದರೆ ಅಲ್ಲಿಂದಾಚೆಗೆ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ.

ನಮ್ಮ ಕಡೆಗೆ ಇದನ್ನು ಅನ್ವಯಿಸಿ ನೋಡಿ. ಜೋಳದ ರೊಟ್ಟಿ ಬಿಸಿಬಿಸಿ ಬಡಿದು ಮನೆಮಂದಿಗೂ ಹೊಲದ ಬುತ್ತಿಗೂ ಆಗಬೇಕು. ಎರಡು ಹೊತ್ತೂ ಸೇರಿ ಮೂರು ತಾಸು ಕಡಿಮೆಯೇ. ಹದಿನೆಂಟಕ್ಕೆ ಸೊಸೆಯಾಗಿ ಬಂದವಳು ಮೂವತ್ತೆಂಟಕ್ಕೇ 60 ಮುಟ್ಟುತ್ತಾಳೆ. ಐವತ್ತು ವರ್ಷ ಒಲೆ ಹಚ್ಚಿದ ಅಜ್ಜಿಯದು 150.

ಈ ಹೊಗೆ ಮಾಡುವ ಹಾನಿ ಮುಪ್ಪಿನಂಥದ್ದಲ್ಲ. ನಾಳಗಳ ಒಳಗೋಡೆ ಉರಿಯೂತದಿಂದ ದಪ್ಪವಾಗುತ್ತದೆ, ಕಫ ತುಂಬುತ್ತದೆ, ಗಾಳಿಗೂಡಿನ ಗೋಡೆಗಳು ನಿಜವಾಗಿಯೂ ಹರಿಯುತ್ತವೆ. ವಯಸ್ಸು ಡೇರೆಯ ಹಗ್ಗವನ್ನು ಸಡಿಲಿಸಿದರೆ ಹೊಗೆ ಅದನ್ನು ಕತ್ತರಿಸುತ್ತದೆ. ವೈದ್ಯರು ಇದನ್ನು ಸಿಒಪಿಡಿ ಎನ್ನುತ್ತಾರೆ. 2016ರ ಜಾಗತಿಕ ರೋಗಭಾರ ಅಂದಾಜಿನಂತೆ ಭಾರತದಲ್ಲಿ 5.5 ಕೋಟಿ ಜನರಿಗೆ ಈ ಕಾಯಿಲೆ ಇತ್ತು.

ಅಡುಗೆ ಮಾಡುವವಳ ಮಡಿಲಲ್ಲಿ ಕೂತ ಮಗುವಿನ ಪಾಲು ಬೇರೆಯೇ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಶ್ವಾಸಕೋಶ ಹರೆಯದಲ್ಲೇ ಪೂರ್ತಿ ಬೆಳೆದಿರಲಿಲ್ಲ ಎಂದು ಕಂಡಿತು. ಅವರ ಇಳಿಜಾರು ಎಲ್ಲರಂತೆಯೇ ಇತ್ತು, ಹೊರಟ ಎತ್ತರವೇ ಕಡಿಮೆ. ಒಲೆಯ ಹೊಗೆ, ಹುಟ್ಟುವಾಗಿನ ಕಡಿಮೆ ತೂಕ, ಎಳೆತನದಲ್ಲಿ ಮತ್ತೆ ಮತ್ತೆ ಬಂದ ಎದೆಯ ಸೋಂಕು ಇವೆಲ್ಲ ಆ ಎತ್ತರವನ್ನು ತಗ್ಗಿಸುತ್ತವೆ. ಅರವತ್ತರ ದಮ್ಮಿಗೆ ಆರನೇ ತಿಂಗಳಲ್ಲೇ ಬೀಜ ಬೀಳಬಹುದು.

ಕರ್ನಾಟಕಕ್ಕೆ ಇದು ಹೊಸ ಅರಿವೇನಲ್ಲ. ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಹೊಗೆಕೊಳವೆಯಿರುವ ಅಸ್ತ್ರ ಒಲೆ ಬಂತು, ನಾಡಿನ ಸಾವಿರಾರು ಮನೆ ಸೇರಿತು. 2016ರಿಂದ ಉಜ್ವಲ ಯೋಜನೆಯ ಗ್ಯಾಸ್ ಬಂತು. ಚಹಾ, ಅನ್ನ ಗ್ಯಾಸಿನ ಮೇಲೆ ಆಗುತ್ತವೆ. ರೊಟ್ಟಿಯೂ ಮೀಯುವ ನೀರೂ ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ಕಟ್ಟಿಗೆಯ ಮೇಲೇ. ಸಿಲಿಂಡರಿನ ದುಡ್ಡು ಒಂದು ಕಾರಣ, ಹೊಲದಲ್ಲಿ ಪುಕ್ಕಟೆ ಸಿಗುವ ಹತ್ತಿ, ತೊಗರಿಯ ಕಟ್ಟಿಗೆ ಇನ್ನೊಂದು. ಕಟ್ಟಿಗೆ ಪುಕ್ಕಟೆಯೆಂದು ಲೆಕ್ಕ ಹಾಕುವಾಗ ಅಡುಗೆ ಮಾಡುವವಳ ಎದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೀಡಿ ಮತ್ತು ಧೂಳು

ಗಂಡಸರಲ್ಲಿ ಬೀಡಿಯದೇ ದೊಡ್ಡ ಪಾಲು. ಬ್ರಿಟನ್ನಿನ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ಒಂದು ನಕ್ಷೆ ಬರೆದರು, ಅದು ಈಗಲೂ ವೈದ್ಯ ವಿದ್ಯಾರ್ಥಿಗಳ ಪುಸ್ತಕದಲ್ಲಿದೆ. ಹೊಗೆಯಿಂದ ಹಾನಿಗೊಳಗಾಗುವ ದೇಹದವರು ಸೇದುತ್ತ ಹೋದರೆ ಇಳಿಜಾರು ಕಡಿದಾಗುತ್ತದೆ. ಬಿಟ್ಟರೆ ಕಳೆದುಕೊಂಡದ್ದು ಬಹುಮಟ್ಟಿಗೆ ವಾಪಸು ಬರುವುದಿಲ್ಲ, ಆದರೆ ಆ ದಿನದಿಂದ ಇಳಿಜಾರು ಎಂದೂ ಸೇದದವರಷ್ಟೇ ನಿಧಾನವಾಗುತ್ತದೆ. ಅರವತ್ತರಲ್ಲಿ ಬಿಟ್ಟರೂ ಇದು ನಿಜ. “ಈ ವಯಸ್ಸಿಗೆ ಬಿಟ್ಟು ಏನಾಗಬೇಕು” ಎನ್ನುವ ಅಜ್ಜನಿಗೆ ಹೇಳಬೇಕಾದ ಮಾತು ಇದೇ.

ಧೂಳಿನ ಪಾಠವನ್ನು ಕೋಲಾರದ ಚಿನ್ನದ ಗಣಿ ಕಲಿಸಿದೆ. 1940ರ ದಶಕದಲ್ಲಿ ಅಲ್ಲಿ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಮಾಡಿದ ಗಾಯ, ಅಂದರೆ ಸಿಲಿಕೋಸಿಸ್ ಕಂಡಿತು. ನಮ್ಮ ರಾಯಚೂರು ಜಿಲ್ಲೆಯಲ್ಲೂ ಕಲ್ಲು ಒಡೆಯುವವರು, ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿಗಳಲ್ಲಿ ದುಡಿಯುವವರು ಸಾಕಷ್ಟಿದ್ದಾರೆ. ಅವರು ದಮ್ಮು ಎಂದಾಗ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ ವಯಸ್ಸೆಷ್ಟು ಎಂದಲ್ಲ, ಏನು ಕೆಲಸ ಮಾಡಿದಿರಿ ಎಂದು.

ಊದಿ ನೋಡುವ ಪರೀಕ್ಷೆ

ವಯಸ್ಸಿನ ದಮ್ಮನ್ನೂ ಕಾಯಿಲೆಯ ದಮ್ಮನ್ನೂ ಬೇರೆ ಮಾಡಲು ಸ್ಪೈರೋಮೆಟ್ರಿ ಬೇಕು. ಎಕ್ಸ್‌ರೇಯಲ್ಲಿ ಮೊದಮೊದಲಿನ ಸಿಒಪಿಡಿ ಕಾಣುವುದಿಲ್ಲ. ಕೊಳವೆ ಬಾಯಿಗಿಟ್ಟು ಊದಿದರೆ ಆಯಿತು, ಸೂಜಿಯಿಲ್ಲ, ನೋವಿಲ್ಲ. ಬಂದ ಅಂಕಿಯನ್ನು ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತರ ಅಂಕಿಯೊಂದಿಗೆ ಹೋಲಿಸುತ್ತಾರೆ. ವಯಸ್ಸಿನ ಪಾಲನ್ನು ಮೊದಲೇ ಕಳೆದು ಉಳಿದದ್ದನ್ನು ತೋರಿಸುವ ಪರೀಕ್ಷೆ ಇದು. ರಾಯಚೂರಿನ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫದ ಪರೀಕ್ಷೆಯಾಗಲಿ, ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಉಸಿರಿನ ಕಾಯಿಲೆಗೆ ಕೊಡುವ ಇನ್ಹೇಲರ್, ಅಂದರೆ ಪಂಪು, ಹಿಡಿದರೆ ಬಿಡಲಾಗುವುದಿಲ್ಲ ಎಂಬ ಭಯ ನಮ್ಮಲ್ಲಿ ಬಹಳ. ಇನ್ಹೇಲರ್ ಚಟ ಹಿಡಿಸುವ ವಸ್ತುವಲ್ಲ. ಬೇಕಾದ ಜಾಗಕ್ಕೇ ನೇರವಾಗಿ ಹೋಗುವುದರಿಂದ ಮಾತ್ರೆಗಿಂತ ಎಷ್ಟೋ ಕಡಿಮೆ ಔಷಧಿ ಸಾಕು. ಜೊತೆಗೆ ದಿನದ ನಡಿಗೆ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರೊಂದಿಗೆ ಮಾತು, ನೀರು ಕಾಯಿಸುವ ಒಲೆಯನ್ನಾದರೂ ಮನೆಯ ಹೊರಗೆ ಹಾಕುವುದು.

ಈ ಭಾನುವಾರ ಮನೆಯ ತಾತನನ್ನೋ ಅಜ್ಜಿಯನ್ನೋ ಸಮತಟ್ಟು ದಾರಿಯಲ್ಲಿ ಸ್ವಲ್ಪ ದೂರ ಜೊತೆಗೆ ನಡೆಸಿಕೊಂಡು ಹೋಗಿ. ಅವರದೇ ಓರಗೆಯವರು ಮುಂದೆ ಹೋಗುತ್ತಿದ್ದಾಗ ಇವರು ಉಸಿರಿಗಾಗಿ ನಿಂತರೆ, ವಯಸ್ಸಾತಲ್ಲ ಎಂಬ ಅವರ ಮಾತನ್ನು ಒಪ್ಪಿಕೊಳ್ಳಬೇಡಿ. ಮುಂದಿನ ವಾರವೇ ಆಸ್ಪತ್ರೆಗೆ ಕರೆದೊಯ್ದು ಊದಿಸಿ ನೋಡಿ.